ನ್ಯಾನೋನಳಿಕೆಗಳ ಮೇಲೆ ಕಾಂತಕ್ಷೇತ್ರದ ಪ್ರಭಾವ

ಕಾರ್ಬನ್ ನ್ಯಾನೋನಳಿಕೆ ಲೋಹವೋ ಅರೆವಾಹಕವೋ ಎಂಬುದನ್ನು ಗ್ರ್ಯಾಫೀನ್ ಹಾಳೆ ಸುತ್ತಿಕೊಂಡ ಬಗೆಯೇ ನಿರ್ಧರಿಸುತ್ತದೆ ಎನ್ನುವುದು ರೂಢಿ. ಪ್ರಬಲ ಕಾಂತಕ್ಷೇತ್ರದಲ್ಲಿ ಈ ಮಾತು ನಿಲ್ಲುವುದಿಲ್ಲ. ನಳಿಕೆಯ ಅಕ್ಷದುದ್ದಕ್ಕೂ ಕ್ಷೇತ್ರ ಹಾಯಿಸಿದರೆ, ಸುತ್ತು ಬರುವ ಇಲೆಕ್ಟ್ರಾನ್ ತರಂಗದ ಹಂತ ಬದಲಾಗುತ್ತದೆ. ಇದೇ ಅಹರೊನೊವ್–ಬೋಮ್ ಪರಿಣಾಮ. ಇದರಿಂದ ಲೋಹೀಯ ನಳಿಕೆಯಲ್ಲಿ ಶಕ್ತಿ ಅಂತರ ತೆರೆದುಕೊಂಡು ವಾಹಕತೆ ಕುಗ್ಗುತ್ತದೆ, ಅರೆವಾಹಕ ನಳಿಕೆಯಲ್ಲಿ ಅಂತರ ಕಿರಿದಾಗುತ್ತದೆ ಎಂದು ಅಜಿಕಿ ಮತ್ತು ಆಂಡೊ 1993ರಲ್ಲೇ ಲೆಕ್ಕ ಹಾಕಿದ್ದರು. ನಳಿಕೆಯೊಳಗಿನ ಕಾಂತಪ್ರವಾಹ ಒಂದು ಕ್ವಾಂಟಮ್ (h/e) ಹೆಚ್ಚಿದಾಗ ಅಂತರ ಮೊದಲಿನಂತಾಗಬೇಕು.

ಇದು ಕಾಗದದ ಮೇಲಿನ ಮಾತಷ್ಟೇ ಎಂಬ ಆಕ್ಷೇಪಕ್ಕೆ ಆಧಾರವಿತ್ತು. 1 ನ್ಯಾನೋಮೀಟರ್ ವ್ಯಾಸದ ನಳಿಕೆಯಲ್ಲಿ ಒಂದು ಪೂರ್ಣ ಆವರ್ತಕ್ಕೆ ಸುಮಾರು 5,300 ಟೆಸ್ಲಾ ಬೇಕು, ಅದು ಪ್ರಯೋಗಾಲಯದ ಸ್ಥಿರ ಕಾಂತಗಳ ಅಳವನ್ನು ಎಷ್ಟೋ ಮೀರಿದ್ದು. ಆದರೆ ವ್ಯಾಸ 30 ನ್ಯಾನೋಮೀಟರ್ ಆದರೆ 6 ಟೆಸ್ಲಾ ಸಾಕು. ದಪ್ಪ ಬಹುಭಿತ್ತಿ ನಳಿಕೆಗಳ ರೋಧದಲ್ಲಿ 1999ರಲ್ಲಿ ಬಾಖ್ಟೋಲ್ಡ್ ತಂಡ ಆಂದೋಲನ ಕಂಡಿತು. ಅದರ ಆವರ್ತ h/2e, ಅಂದರೆ ನಿರೀಕ್ಷೆಯ ಅರ್ಧ. ಇದು ಸಿದ್ಧಾಂತಕ್ಕೆ ಪೆಟ್ಟಲ್ಲ: ದೋಷಗಳಿರುವ ನಳಿಕೆಯಲ್ಲಿ ಚದುರುತ್ತ, ಎದುರುಬದಿರು ದಿಕ್ಕಿನಲ್ಲಿ ಸುತ್ತುವ ತರಂಗಗಳ ವ್ಯತಿಕರಣ ಈ ಅರ್ಧ ಆವರ್ತವನ್ನೇ ಕೊಡುತ್ತದೆ. ಶಕ್ತಿ ಅಂತರವೇ h/e ಆವರ್ತದಲ್ಲಿ ಏರಿಳಿಯುವುದು 2004ರ ಪ್ರಯೋಗಗಳಲ್ಲಿ ಕಂಡಿತು.