ಮಿದುಳು ಉಳಿಯಿತು, ಮಾತು? ಭಾಷಾ-ನರವಿಜ್ಞಾನದ ಚರಿತ್ರೆಯ ಒಂದು ಎಳೆ

ನರವಿಜ್ಞಾನದ ಸ್ನಾತಕೋತ್ತರ ತರಗತಿಗಳಲ್ಲಿ ಭಾಷೆ ಮತ್ತು ಮಿದುಳಿನ ಅಧ್ಯಯನದ ಚರಿತ್ರೆಯನ್ನು ಬಹುಮಟ್ಟಿಗೆ ಉಪಕರಣಗಳ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ: ಮೊದಲು ಶವಪರೀಕ್ಷೆ, ಬಳಿಕ ಸಿ.ಟಿ., ಪೆಟ್, ಕೊನೆಗೆ ಎಫ್‌ಎಂಆರ್‌ಐ. ಈ ಕ್ರಮವು ತಪ್ಪಲ್ಲ. ಆದರೆ ಅದರಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಬಿಂಬವು ಯಾವ ಪ್ರಶ್ನೆಗೆ ಉತ್ತರಿಸಬೇಕೆಂಬುದನ್ನು ಪ್ರತಿಯೊಂದು ಘಟ್ಟದಲ್ಲಿಯೂ ಭಾಷೆಯ ವಿಶ್ಲೇಷಣೆಯೇ ನಿರ್ಧರಿಸಿದೆ. ಆ ವಿಶ್ಲೇಷಣೆಗೆ ಆಧಾರವಾಗುವುದು ರೋಗಿಯ ಮಾತಿನ ದಾಖಲೆ.

1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಪರೀಕ್ಷಿಸಿದ ಲೆಬೋರ್ನ್ ಎಂಬ ರೋಗಿಯು ಏನು ಕೇಳಿದರೂ ಬಹುತೇಕ ‘ತಾನ್’ ಎಂದಷ್ಟೇ ಉತ್ತರಿಸುತ್ತಿದ್ದ. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಮಿದುಳಿನ ಎಡಭಾಗದ ಮುಂಗೋಳಕ್ಕಾಗಿದ್ದ ಹಾನಿಯನ್ನು ಬ್ರೋಕಾ ವಿದ್ವತ್‌ಸಭೆಯ ಮುಂದಿಟ್ಟ. ಇದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಅದೇ ವರ್ಷ ಕಂಡ ಎರಡನೆಯ ರೋಗಿ ಲೆಲೋಂಗ್‌ನನ್ನು ಭಾಷಾವಿಜ್ಞಾನಿಗಳು ಇನ್ನಷ್ಟು ಗಮನಿಸಬೇಕಾಗಿತ್ತು ಎಂದು ನಮ್ಮ ಅಭಿಪ್ರಾಯ. ಅವನಲ್ಲಿ ಐದು ಪದಗಳಷ್ಟೇ ಉಳಿದಿದ್ದವು. ಯಾವ ಸಂಖ್ಯೆಯನ್ನು ಹೇಳಬೇಕಾದರೂ ಫ್ರೆಂಚಿನ ‘ಮೂರು’ ಎಂಬ ಪದವನ್ನೇ, ಅದರೊಳಗಿನ ರೇಫವನ್ನು ಬಿಟ್ಟು, ‘ತ್ವಾ’ ಎಂದು ಉಚ್ಚರಿಸಿ, ನಿಜವಾದ ಸಂಖ್ಯೆಯನ್ನು ಬೆರಳುಗಳಿಂದ ತೋರಿಸುತ್ತಿದ್ದ. ಸಂಖ್ಯೆಯ ಪರಿಕಲ್ಪನೆ ಉಳಿದಿದೆ, ಪದಸಂಪತ್ತು ಕುಗ್ಗಿದೆ, ವ್ಯಂಜನಗುಚ್ಛ ಸಡಿಲಗೊಂಡಿದೆ: ಮೂರು ಸ್ತರಗಳು ಒಂದೇ ಉಚ್ಚಾರದಲ್ಲಿ ಬೇರ್ಪಟ್ಟು ಕಾಣುತ್ತವೆ. ಬ್ರೋಕಾನ ಬಳಿ ಈ ಸ್ತರಗಳ ಪರಿಭಾಷೆ ಇರಲಿಲ್ಲ. ಆದರೂ ಕೇಳಿದ್ದನ್ನು ಕೇಳಿದಂತೆ ಬರೆದಿಟ್ಟ.

ಮಿದುಳುಗಳನ್ನು ಅವನು ಸೀಳದೆ ಇಡಿಯಾಗಿ ಕಾಪಿಟ್ಟನು. ಹೀಗಾಗಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಆ ಎರಡೂ ಮಿದುಳುಗಳನ್ನು ಎಂಆರ್‌ಐ ಮೂಲಕ ಪರಿಶೀಲಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಲು ಸಾಧ್ಯವಾಯಿತು. ಹಾನಿಯು ಹೊರಪದರದಲ್ಲಿ ನಿಲ್ಲದೆ ಆಳದ ನರತಂತುಗಳವರೆಗೂ ಹಬ್ಬಿತ್ತು. ಇಂದು ‘ಬ್ರೋಕಾ ಕ್ಷೇತ್ರ’ ಎನ್ನಲಾಗುವ ಭಾಗಕ್ಕೂ ಬ್ರೋಕಾ ಕಂಡದ್ದಕ್ಕೂ ಪೂರ್ಣ ತಾಳೆಯಿಲ್ಲ. ಯಂತ್ರವು ಇಲ್ಲಿ ಚರಿತ್ರೆಯನ್ನೇ ತಿದ್ದಿದೆ. ಆದರೆ ಮಿದುಳನ್ನು ನೂರೈವತ್ತು ವರ್ಷಗಳ ತರುವಾಯವೂ ಮರುಚಿತ್ರಿಸಬಹುದು; ಲೆಲೋಂಗ್‌ನ ಮಾತನ್ನು ಮರುಪರೀಕ್ಷಿಸಲಾಗದು. ನಮಗೆ ದಕ್ಕಿರುವುದು ಬ್ರೋಕಾ ಬರೆದಿಟ್ಟಷ್ಟೇ.

ಮಾತಿನ ನಷ್ಟಕ್ಕೂ ಧ್ವನಿಮಾ ವ್ಯವಸ್ಥೆಗೂ ಇರುವ ನಂಟನ್ನು ರೋಮನ್ ಯಾಕಬ್ಸನ್ 1941ರಲ್ಲಿಯೇ ಪ್ರತಿಪಾದಿಸಿದ್ದರು. ಬಿಂಬಯುಗವೂ ಇಂತಹ ವಿಭಜನೆಗಳನ್ನು ಅವಲಂಬಿಸಿಯೇ ಆರಂಭವಾಯಿತು. 1988ರಲ್ಲಿ ಸೇಂಟ್ ಲೂಯಿಸ್‌ನ ಪೀಟರ್‌ಸನ್ ಮತ್ತು ಸಂಗಡಿಗರು ನಡೆಸಿದ ಪೆಟ್ ಪ್ರಯೋಗದಲ್ಲಿ ಪದವನ್ನು ನೋಡುವುದು, ಉಚ್ಚರಿಸುವುದು, ಅದಕ್ಕೆ ಹೊಂದುವ ಕ್ರಿಯಾಪದವನ್ನು ಹೇಳುವುದು ಎಂಬ ಮೆಟ್ಟಿಲುಗಳಿದ್ದವು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವ ರಕ್ತಸಂಚಾರವೇ ಉತ್ತರ. ಮೆಟ್ಟಿಲುಗಳು ನಿಜಕ್ಕೂ ಒಂದರ ಮೇಲೊಂದು ಕೂರುತ್ತವೆಂಬ ಊಹೆಯು ಯಂತ್ರದಿಂದ ಬಂದದ್ದಲ್ಲ. 1992ರಿಂದ ಮನುಷ್ಯರ ಅಧ್ಯಯನಕ್ಕೆ ಒದಗಿದ ಎಫ್‌ಎಂಆರ್‌ಐಯೂ ಈ ವ್ಯವಕಲನ ತರ್ಕವನ್ನು ಬಹಳ ಮಟ್ಟಿಗೆ ಮುಂದುವರಿಸಿತು.

ಭಾಷೆ ಬದಲಾದಾಗ ವಿಭಜನೆಯೂ ಬದಲಾಗಬೇಕು. ಇಂಗ್ಲಿಷ್ ದತ್ತಾಂಶವನ್ನು ಆಧರಿಸಿ ವ್ಯಾಕರಣಲೋಪವೆಂದರೆ ಪ್ರತ್ಯಯಗಳ ಲೋಪ ಎಂದು ನಂಬಲಾಗಿತ್ತು. ಹೀಬ್ರೂವಿನಲ್ಲಿ ಬರಿಯ ಧಾತುವು ಉಚ್ಚಾರಯೋಗ್ಯವೇ ಅಲ್ಲದ್ದರಿಂದ ರೋಗಿಗಳು ಪ್ರತ್ಯಯವನ್ನು ಬಿಡುವುದಿಲ್ಲ, ತಪ್ಪು ರೂಪವನ್ನು ಬಳಸುತ್ತಾರೆ ಎಂದು ಯೋಸೆಫ್ ಗ್ರಾಡ್ಜಿನ್‌ಸ್ಕಿ 1984ರಲ್ಲಿ ತೋರಿಸಿದರು. ಕನ್ನಡದ ಸ್ಥಿತಿ ಇನ್ನೂ ತೊಡಕಿನದು. ‘ಅವನು ಹೋಗು’ ಎಂದು ರೋಗಿಯೊಬ್ಬರು ಹೇಳಿದರೆಂದು ಭಾವಿಸೋಣ. ಕಾಲ ಮತ್ತು ಪುರುಷ ಪ್ರತ್ಯಯಗಳು ಬಿದ್ದುಹೋಗಿವೆಯೇ, ಅಥವಾ ವಿಧ್ಯರ್ಥ ರೂಪವು ಅವುಗಳ ಜಾಗಕ್ಕೆ ಬಂದಿದೆಯೇ? ಕನ್ನಡದಲ್ಲಿ ಬರಿಯ ಧಾತುವೇ ಏಕವಚನದ ವಿಧ್ಯರ್ಥವೂ ಆಗಿರುವುದರಿಂದ ರೂಪವೊಂದೇ ಇದನ್ನು ತೀರ್ಮಾನಿಸದು. ಇನ್ನು ‘ಪುಸ್ತಕ ಓದಿದ’ ಎಂಬಲ್ಲಿ ದ್ವಿತೀಯಾ ಪ್ರತ್ಯಯವಿಲ್ಲ. ಆಡುಮಾತಿನಲ್ಲಿ ಅದು ದೋಷವೇ ಅಲ್ಲ. ಗ್ರಂಥಭಾಷೆಯನ್ನು ಮಾನದಂಡವಾಗಿ ಹಿಡಿದ ಪರೀಕ್ಷಕರು ಆರೋಗ್ಯವಂತರ ಮಾತಿನಲ್ಲಿಯೂ ರೋಗಲಕ್ಷಣವನ್ನು ಎಣಿಸಿಬಿಡಬಹುದು. ಆ ಎಣಿಕೆಯನ್ನು ಬಿಂಬದೊಂದಿಗೆ ಜೋಡಿಸಿದರೆ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಫಲ ಶೂನ್ಯ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದುಡಿದ ಪ್ರತಿಭಾ ಕಾರಂತ ಅವರ ಕೆಲಸ ಈ ಕಾರಣಕ್ಕೆ ಮುಖ್ಯವಾಗುತ್ತದೆ. ಕನ್ನಡ-ಇಂಗ್ಲಿಷ್ ದ್ವಿಭಾಷಿಕರೊಬ್ಬರ ಓದಿನ ನಷ್ಟವನ್ನು ಕುರಿತ ಅವರ ಪ್ರಬಂಧ 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ರೂಪಿಸಿದ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಧ್ವನಿ, ವಾಕ್ಯ, ಅರ್ಥಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಬಿಂಬಶಾಸ್ತ್ರದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ ಮತ್ತು ಕಾಂತಕ್ಷೇತ್ರದ ಭೌತಶಾಸ್ತ್ರವನ್ನು ಕಲಿಸುವಷ್ಟೇ ಕಡ್ಡಾಯವಾಗಿ ಒಂದು ಗಂಟೆಯ ಕನ್ನಡ ಮಾತನ್ನು ಲಿಪ್ಯಂತರಿಸಿ, ವಿಭಕ್ತಿ ಎಲ್ಲಿ ಬಿದ್ದಿದೆ, ಎಲ್ಲಿ ಬೇಕಾಗಿಯೇ ಇರಲಿಲ್ಲ ಎಂದು ಗುರುತಿಸುವುದನ್ನೂ ಕಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಸ್ಕ್ಯಾನ್ ಕಡತದ ಪಕ್ಕದಲ್ಲಿಯೇ, ರೋಗಿಯ ಸಮ್ಮತಿಯೊಡನೆ, ಆ ಲಿಪ್ಯಂತರವೂ ಧ್ವನಿಮುದ್ರಣವೂ ಇರಲಿ.