ಮುಲ್ತಾನದ ಮಣ್ಣು, ಮೈಸೂರಿನ ಗಂಧ

ಮದುವೆ ಸೀಸನ್ ಬಂತೆಂದರೆ ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಶಾಂಪೂ ಸ್ಯಾಷೆಗಳ ಪಕ್ಕ ಮುಲ್ತಾನಿ ಮಿಟ್ಟಿ ಪ್ಯಾಕೆಟ್ ನೇತಾಡುತ್ತದೆ. ಹುಡುಗಿಯರಷ್ಟೇ ಅಲ್ಲ, ಈಗ ಹುಡುಗರೂ ಒಯ್ಯುತ್ತಾರೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಅದಕ್ಕೆ ಎರಡು ಹನಿ ‘ಸ್ಯಾಂಡಲ್ ಆಯಿಲ್’ ಬಿಟ್ಟು ಕಲಸಿ ಮುಖಕ್ಕೆ ಮೆತ್ತಿಕೊಂಡು ಕೂರುತ್ತಾರೆ.

ಆ ಬಟ್ಟಲಲ್ಲಿರುವ ಮಣ್ಣಿನ ಹೆಸರು ದೂರದ್ದು, ಗಂಧ ನಮ್ಮ ಹೊಲದ ಬದುವಿನದ್ದು. ಆದರೆ ದೂರದ ಮಣ್ಣು ಹತ್ತು ರೂಪಾಯಿಗೆ ಸಿಕ್ಕಿತು, ಬದುವಿನ ಗಂಧ ನಮ್ಮವರಿಗೆ ಇನ್ನೂರು ವರ್ಷ ದಕ್ಕಲಿಲ್ಲ. ಹೇಗೆ ಅಂತ ನೋಡೋಣ.

ಮೊದಲು ಮಣ್ಣು. ಮುಲ್ತಾನ ಎನ್ನುವುದು ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಹಳೇ ಪಟ್ಟಣ. ಆ ಭಾಗದಲ್ಲಿ ಸಿಗುತ್ತಿದ್ದ ನುಣುಪಾದ ತಿಳಿಹಳದಿ ಮಣ್ಣಿನಿಂದ ಹೆಂಗಸರು ತಲೆ ತೊಳೆಯುತ್ತಿದ್ದರು. ಶಾಲೆ ಮಕ್ಕಳು ಬರೆಯುವ ಮರದ ಹಲಗೆಗೂ ಅದೇ ಮಣ್ಣು ಬಳಿಯುತ್ತಿದ್ದರು. ಬರೆದದ್ದು ಸಾಕಾದರೆ ತೊಳೆದು ಮತ್ತೆ ಬಳಿದರಾಯಿತು. 1947ರಲ್ಲಿ ದೇಶ ಒಡೆದು ಮುಲ್ತಾನ ಆ ಕಡೆ ಹೋಯಿತು. ಹೆಸರು ಮಾತ್ರ ಈ ಕಡೆ ಉಳಿಯಿತು. ಇವತ್ತು ಭಾರತದಲ್ಲಿ ಈ ಮಣ್ಣನ್ನು ಹೆಚ್ಚಾಗಿ ಅಗೆಯುವುದು ರಾಜಸ್ಥಾನದ ಬಾಡಮೇರ್, ಬಿಕಾನೇರ್ ಕಡೆ.

ಇಂಗ್ಲಿಷಿನವರು ಇದನ್ನು ‘ಫುಲ್ಲರ್ಸ್ ಅರ್ತ್’ ಅನ್ನುತ್ತಾರೆ. ಫುಲ್ಲರ್ ಅಂದರೆ ಉಣ್ಣೆ ಬಟ್ಟೆಯ ಜಿಡ್ಡು ತೆಗೆದು ತುಳಿದು ಹದ ಮಾಡುವವನು. ಕುರಿಯ ಉಣ್ಣೆಯಲ್ಲಿ ಎಷ್ಟು ಜಿಡ್ಡಿರುತ್ತದೆ ಎಂದು ಕುರಿ ಸಾಕಿದವರಿಗೆ ಹೇಳಬೇಕಿಲ್ಲ. ಈ ಮಣ್ಣಿನ ಕಣಗಳು ತೆಳುವಾದ ಪದರಗಳಂತೆ ಇರುವುದರಿಂದ ಎಣ್ಣೆಯನ್ನು ಬೇಗ ಹೀರಿಕೊಳ್ಳುತ್ತವೆ. ಅಡುಗೆ ಎಣ್ಣೆಯ ಬಣ್ಣ ತಿಳಿಗೊಳಿಸಲೂ ಇದೇ ಜಾತಿಯ ಮಣ್ಣು ಬೇಕು. ಇಂಗ್ಲೆಂಡಿಗೆ ಉಣ್ಣೆ ವ್ಯಾಪಾರವೇ ಜೀವಾಳವಾಗಿದ್ದ 17ನೇ ಶತಮಾನದಲ್ಲಿ ಈ ಮಣ್ಣನ್ನು ಹೊರದೇಶಕ್ಕೆ ಸಾಗಿಸುವುದು ಅಲ್ಲಿ ಅಪರಾಧವಾಗಿತ್ತು. ಮಣ್ಣಿಗೂ ಕಾವಲು!

ಮುಖದ ಮೇಲೆ ಆಗುವುದೂ ಅಷ್ಟೇ. ಜಿಡ್ಡು ಹೀರುತ್ತದೆ. ಬಣ್ಣ ಬೆಳ್ಳಗೆ ಮಾಡುತ್ತದೆ ಅನ್ನುವುದು ಪ್ಯಾಕೆಟ್ ಮೇಲಿನ ಮಾತು, ನಂಬಬೇಡಿ.

ನಮ್ಮ ಮನೆಗಳಲ್ಲಿ ಮೊದಲು ಇದು ಇರಲಿಲ್ಲ. ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು. ತಲೆಗೆ ಸೀಗೆಕಾಯಿ, ಚಿಗರೆಪುಡಿ, ಅಂಟುವಾಳ. ಅರಮನೆಯ ಲೆಕ್ಕವೇ ಬೇರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಸ್ನಾನಕ್ಕೆ, ಮೈಗೆ ಪೂಸುವ ಗಂಧಲೇಪನಕ್ಕೆ ಬೇರೆ ಬೇರೆ ಅಧ್ಯಾಯಗಳೇ ಇವೆ.

ಮಣ್ಣು ಮತ್ತು ಗಂಧದೆಣ್ಣೆ ಸೇರುವ ಹಳೆಯ ಜಾಗ ಇನ್ನೊಂದಿದೆ. ಉತ್ತರ ಪ್ರದೇಶದ ಕನೌಜ್. ಅಲ್ಲಿನ ಅತ್ತರಿನವರು ಸುಟ್ಟ ಜೇಡಿಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ, ಶ್ರೀಗಂಧದ ಎಣ್ಣೆ ತುಂಬಿದ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಮೊದಲ ಮಳೆ ಬಿದ್ದ ನೆಲದ ವಾಸನೆ ಶೀಶೆಯೊಳಗೆ ಬಂದು ಕೂರುತ್ತದೆ. ಅದಕ್ಕೆ ಮಿಟ್ಟಿ ಅತ್ತರ್ ಅನ್ನುತ್ತಾರೆ. ಗುಲಾಬಿ ಅತ್ತರಿಗೂ ತಳದಲ್ಲಿ ಗಂಧದೆಣ್ಣೆಯೇ. ಅದು ದುಬಾರಿಯಾದ ಮೇಲೆ ಅನೇಕರು ಪ್ಯಾರಾಫಿನ್ ಎಣ್ಣೆಗೆ ಇಳಿದಿದ್ದಾರೆ.

ಗಂಧ ಯಾಕಷ್ಟು ದುಬಾರಿ? ಅದರ ಕಥೆ ನಮ್ಮದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಯಾರ ಹೊಲದಲ್ಲಿ ಬೆಳೆದರೂ ಮರ ದೊರೆಯದ್ದು. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷರು ಬಂದರು, ಸ್ವಾತಂತ್ರ್ಯವೂ ಬಂತು. ಆ ನಿಯಮ ಮಾತ್ರ ಕದಲಲಿಲ್ಲ.

ಮೈಸೂರು ಸಂಸ್ಥಾನ ಮೊದಮೊದಲು ಬರೀ ಕೊರಡನ್ನೇ ಹರಾಜು ಹಾಕುತ್ತಿತ್ತು. ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಹಡಗು ನಿಂತವು, ಮರ ಗೋದಾಮಿನಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ದೊರೆ, ವಿಶ್ವೇಶ್ವರಯ್ಯನವರು ದಿವಾನರು. ಇಲ್ಲೇ ಎಣ್ಣೆ ತೆಗೆದರೇನು ಎಂಬ ಯೋಚನೆ ಬಂತು. ಕೈಗಾರಿಕೆ ನೋಡಿಕೊಳ್ಳುತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಮುತುವರ್ಜಿ ವಹಿಸಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ಕ್ರಮ ಕಂಡುಕೊಂಡರು. 1916ರಲ್ಲಿ ಕೆಲಸ ಶುರುವಾಗಿ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1918ರಲ್ಲಿ ಅದೇ ಎಣ್ಣೆಯಿಂದ ಮೈಸೂರ್ ಸ್ಯಾಂಡಲ್ ಸೋಪು ಬಂತು. 1944ರಲ್ಲಿ ಶಿವಮೊಗ್ಗದಲ್ಲೂ ಒಂದು ಎಣ್ಣೆ ಕಾರ್ಖಾನೆ ಆಯಿತು.

ಇದು ಹೆಮ್ಮೆಯ ಕಥೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಹೊಲದ ಕಡೆ ನಿಂತು ನೋಡಿ. ಬದುವಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಸಸಿ ಎದ್ದರೆ ರೈತನಿಗೆ ಸಂತೋಷವಲ್ಲ, ಭಯ. ಕಡಿದರೆ ಕೇಸು. ಕಳ್ಳ ಕಡಿದರೂ ಮೊದಲು ಪ್ರಶ್ನೆ ಕೇಳುವುದು ಹೊಲದವನನ್ನೇ. ಬೆಳೆದು ನಿಂತರೆ ಇಲಾಖೆಯವರು ಒಯ್ದು ಒಂದು ಪಾಲು ಹಣ ಕೊಡುತ್ತಾರೆ, ಅದೂ ಅವರ ಲೆಕ್ಕದಲ್ಲಿ. ‘ಅದು ಸರಕಾರದ ಮರ ಕಣಪ್ಪ, ಬೆರಳು ಗಾತ್ರ ಇದ್ದಾಗಲೇ ಕಿತ್ತುಬಿಡಬೇಕು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅವಳು ಎಷ್ಟು ಕಿತ್ತಿದ್ದಳೋ! ಗಂಧದ ನಾಡಿನಲ್ಲಿ ಗಂಧ ಕಡಿಮೆಯಾಗಿದ್ದಕ್ಕೆ ಕಾಡುಗಳ್ಳರನ್ನು ಮಾತ್ರ ಬೈಯುತ್ತೇವೆ. ಹೀಗೆ ಹಗಲಲ್ಲೇ ಕಿತ್ತ ಸಸಿಗಳನ್ನು ಯಾರೂ ಎಣಿಸಿಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನು ಯಾರದ್ದೋ ಗಂಧದ ಮರವೂ ಅವರದ್ದೇ ಎಂದಾಯಿತು. ಕಡಿಯಲು ಅನುಮತಿ ಬೇಕು, ಮಾರಾಟಕ್ಕೂ ನಿಯಮಗಳಿವೆ, ಆದರೂ ಒಡೆತನ ರೈತನದ್ದು. ಈಗ ತೋಟ ಮಾಡಿ ಬೆಳೆಸುವವರಿದ್ದಾರೆ. ವಾಸನೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಒಳ್ಳೆಯ ಚೇಗು ಕೂಡಲು ಹದಿನೈದು ವರ್ಷವಾದರೂ ಬೇಕು. ಅಲ್ಲಿಯತನಕ ರಾತ್ರಿ ಕಾವಲು.

ಈಗ ಅಂಗಡಿಯ ಶೀಶೆಗೆ ಬನ್ನಿ. ಅಸಲಿ ಗಂಧದೆಣ್ಣೆ ಕೆಜಿಗೆ ಲಕ್ಷ ರೂಪಾಯಿಗೂ ಮೇಲೆ. ನೂರು ರೂಪಾಯಿಗೆ ಹತ್ತು ಎಂಎಲ್ ಕೊಟ್ಟರೆ ಅದು ಗಂಧವಲ್ಲ, ವಾಸನೆಯ ಕೆಮಿಕಲ್. ಇಂಥ ಸಾರದೆಣ್ಣೆಗಳನ್ನು ಔಷಧಿಯಂತೆ ಬಳಸುವ ಪದ್ಧತಿಗೆ ‘ಅರೋಮಾಥೆರಪಿ’ ಎಂದು ಹೆಸರಿಟ್ಟವನು ಗಾಟ್‌ಫೊಸೆ ಎಂಬ ಫ್ರೆಂಚ್ ಕೆಮಿಸ್ಟ್. 1937ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಎಣ್ಣೆ ಅಸಲಿಯಾದರೂ ನೇರವಾಗಿ ಮುಖಕ್ಕೆ ಹಚ್ಚಬಾರದು, ಉರಿ ಏಳುತ್ತದೆ. ಒಂದು ಟೀ ಚಮಚ ಕಲಸಿದ ಮಣ್ಣಿಗೆ ಒಂದು ಹನಿ ಸಾಕು. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ನಿಂಬೆ ಎಣ್ಣೆ ಹಾಕಿ ಬಿಸಿಲಿಗೆ ಹೋದರೆ ಮುಖದ ಮೇಲೆ ಕಪ್ಪು ಕಲೆ ಬೀಳಬಹುದು, ಅದು ಬೇಡವೇ ಬೇಡ.

ದೇವರ ಮನೆಯಲ್ಲಿ ಗಂಧದ ಕೊರಡು, ಸಾಣೆಕಲ್ಲು ಇದ್ದವರಿಗೆ ಶೀಶೆಯ ಅಗತ್ಯವೇ ಇಲ್ಲ. ನಾಲ್ಕು ಹನಿ ನೀರು ಬಿಟ್ಟು ತೇಯ್ದು, ಬಂದ ಗಂಧವನ್ನು ಮಣ್ಣಿಗೆ ಕಲಸಿ ಹಚ್ಚಿ. ಹತ್ತು ನಿಮಿಷ ಸಾಕು. ಪೂರ್ತಿ ಒಣಗಿ ಬಿರಿಯುವ ತನಕ ಕಾಯಬೇಡಿ, ಇನ್ನೂ ತೇವ ಇರುವಾಗಲೇ ತಣ್ಣೀರಲ್ಲಿ ತೊಳೆಯಿರಿ.