‘ಕೊನೆಯ ಗಿರಾಕಿ’: ಮೂಕ ಪಾತ್ರ ಮತ್ತು ನಿರಂಜನರ ಶೈಲಿ

ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದ ಮೊದಲು ಪುತ್ತೂರು ತಾಲೂಕಿನಲ್ಲಿತ್ತು. ಅನಂತರ ಸುಳ್ಯಕ್ಕೆ ಸೇರಿತು. ಈಗ ಕಡಬ ತಾಲೂಕಿನಲ್ಲಿದೆ. 1924ರಲ್ಲಿ ಅಲ್ಲಿ ಜನಿಸಿದ ಕುಳ್ಕುಂದ ಶಿವರಾಯರು ‘ನಿರಂಜನ’ ಎಂಬ ಕಾವ್ಯನಾಮದಿಂದ ಕನ್ನಡ ಪ್ರಗತಿಶೀಲ ಸಾಹಿತ್ಯದ ಮುಖ್ಯ ಲೇಖಕರಲ್ಲಿ ಒಬ್ಬರಾದರು.

ಅ.ನ.ಕೃ. ಅವರ ಮುಂದಾಳತ್ವದಲ್ಲಿ ಬೆಳೆದ ಆ ಪಂಥದ ಮೇಲೆ ಒಂದು ಆಕ್ಷೇಪವಿದೆ. ಪ್ರಗತಿಶೀಲರಿಗೆ ಆಶಯವೇ ಮುಖ್ಯ, ಕಲೆ ಗೌಣ. ಹೀಗಾಗಿ ಅವರ ಕಥೆಗಳು ಘೋಷಣೆಗಳಾದವು ಎಂಬುದು ಅದರ ಸಾರ. ಈ ಮಾತನ್ನು ಪರಿಶೀಲಿಸಲು ನಿರಂಜನರ ‘ಕೊನೆಯ ಗಿರಾಕಿ’ ತಕ್ಕ ಕಥೆ. ಊರು ಬಿಟ್ಟು ಬಂದು ನಗರದಲ್ಲಿ ದಿಕ್ಕಿಲ್ಲದೆ ಮೈಮಾರಿಕೊಂಡು ಬದುಕಬೇಕಾದ, ಕಡೆಗೆ ಬೀದಿಯಲ್ಲಿ ಸಾಯುವ ಕಾಣಿ ಇದರ ಕೇಂದ್ರ. ಆಕೆ ಮೂಕಿ.

ಈ ಮೂಕತನವೇ ಶೈಲಿಯನ್ನು ನಿರ್ಣಯಿಸಿದೆ. ಘೋಷಣೆಯನ್ನು ಬಯಸುವ ಲೇಖಕನು ಶೋಷಿತಳ ಬಾಯಲ್ಲಿ ಒಂದು ಭಾಷಣವನ್ನೇ ಇಡಬಹುದಿತ್ತು. ಇಲ್ಲಿ ಆ ದಾರಿ ಮುಚ್ಚಿದೆ. ಕಾಣಿ ದೂರುವುದಿಲ್ಲ, ಕಾರಣ ವಿವರಿಸುವುದಿಲ್ಲ. ಹಸಿವು, ದಣಿವು, ನೋವುಗಳಿಂದಲೇ ಓದುಗನು ಆಕೆಯನ್ನು ಅರಿಯಬೇಕು. ಕೇಳುವವರಿಲ್ಲದವರ ಬಾಳು ಹೇಗಿರುತ್ತದೆ ಎಂಬ ವಸ್ತುವು ಹೀಗೆ ಕಥೆಯ ಮಾತಿನ ಕ್ರಮದಲ್ಲಿಯೇ ಅಡಕವಾಗಿದೆ.

ಎರಡನೆಯದು ಶೀರ್ಷಿಕೆಯ ಪದ. ‘ಗ್ರಾಹಕ’ ಎಂಬ ಶಿಷ್ಟ ರೂಪವಿದ್ದರೂ ನಿರಂಜನರು ಅಂಗಡಿಬೀದಿಯ ‘ಗಿರಾಕಿ’ಯನ್ನು ಆರಿಸಿದ್ದಾರೆ. ಕೊಡುಕೊಳ್ಳುವ ಲೆಕ್ಕವನ್ನುಳಿದು ಬೇರೆ ಭಾವ ಆ ಪದಕ್ಕೆ ಅಂಟಿಲ್ಲ. ಕೊನೆಯಲ್ಲಿ ಹದ್ದು ಆ ಹೆಸರಿಗೆ ಅರ್ಹವಾದಾಗ ಅದುವರೆಗೆ ಬಂದುಹೋದ ಮನುಷ್ಯರೆಲ್ಲ ಅದೇ ಸಾಲಿಗೆ ಸೇರುತ್ತಾರೆ. ಅವರನ್ನು ಖಂಡಿಸುವ ಪ್ರತ್ಯೇಕ ವಾಕ್ಯ ಬೇಕಾಗುವುದಿಲ್ಲ. ಈ ವ್ಯಂಗ್ಯ ಅತಿ ಸ್ಪಷ್ಟವೆಂದು ಕೆಲವರಿಗೆ ತೋರಬಹುದು; ಆದರೆ ಅದನ್ನು ಸಾಧಿಸಿರುವುದು ಉಪದೇಶವಲ್ಲ, ಒಂದು ಪದದ ಪ್ರಯೋಗ.

ಇದೇ ಲೇಖಕರ ‘ಚಿರಸ್ಮರಣೆ’ (1955) ಕಾದಂಬರಿಯೊಡನೆ ಹೋಲಿಸಿದರೆ ಈ ಆಯ್ಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ರೈತ ಹೋರಾಟ, 1943ರಲ್ಲಿ ಗಲ್ಲಿಗೇರಿದ ನಾಲ್ವರ ಬಲಿದಾನ ಅದರ ವಸ್ತು. ಅಲ್ಲಿ ಸಂಘಟಿತರಾದ ಜನ ಮಾತಾಡುತ್ತಾರೆ, ಚರ್ಚಿಸುತ್ತಾರೆ. ಅವರ ನೆನಪು ಉಳಿಯುತ್ತದೆ. ಕಾಣಿಗೆ ಸಂಘಟನೆಯಿಲ್ಲ, ನೆನೆಯುವವರೂ ಇಲ್ಲ. ಆಕೆಯ ಕಥೆಗೆ ಮೌನವೇ ಒಪ್ಪುವ ನುಡಿ.

ಒಂದೇ ಸಿದ್ಧಾಂತವನ್ನು ನಂಬಿದ ಲೇಖಕನು ಎರಡು ವಸ್ತುಗಳಿಗೆ ಎರಡು ಬಗೆಯ ನುಡಿಯನ್ನು ಕಂಡುಕೊಂಡಿದ್ದಾನೆ. ಪ್ರಗತಿಶೀಲ ಕಥೆಗಳನ್ನು ಅವುಗಳ ಪ್ರಣಾಳಿಕೆಯಿಂದ ಅಳೆಯುವ ಅಧ್ಯಯನಗಳು ಈ ವ್ಯತ್ಯಾಸವನ್ನು ಗಮನಿಸಬೇಕಾಗಿದೆ.